ಪ್ರತಿಮೆ ಇಲ್ಲಿಗೆ ಹೇಗೆ ಬಂತು?

ಕೇಳುಗರಿಗೆ ನಮಸ್ಕಾರ. ಬೆಂಗಳೂರಿನ ಪ್ರತಿಮೆಗಳನ್ನು ನೀವು ಬಸ್ಸಿನ ಕಿಟಕಿಯಿಂದ ದಿನವೂ ನೋಡುತ್ತೀರಿ. ‘ಯಾರದು?’ ಎಂದು ಕೇಳುತ್ತೀರಿ. ಹೆಸರು ತಿಳಿದರೆ ಮುಗಿಯಿತು. ನನ್ನ ತಕರಾರು ಅಲ್ಲೇ. ಕೇಳಬೇಕಾದದ್ದು ‘ಇದು ಇಲ್ಲಿಗೆ ಹೇಗೆ ಬಂತು?’ ಎಂದು.

ಹಲಸೂರು ಕೆರೆಯ ಬಳಿ ತಮಿಳು ಕವಿ ತಿರುವಳ್ಳುವರ್ ಪ್ರತಿಮೆ ಇದೆ. 1991ರಲ್ಲೇ ಸಿದ್ಧವಾಗಿತ್ತು. ಕನ್ನಡ ಸಂಘಟನೆಗಳ ವಿರೋಧ, ಜೊತೆಗೆ ಕಾವೇರಿಯ ಬಿಸಿ, ಅನಾವರಣ ನಿಂತುಹೋಯಿತು. ಎಷ್ಟು ಕಾಲ? 18 ವರ್ಷ! ಪಾಠ ಹೇಳಲು ನಾನು ಹೋಗುತ್ತಿದ್ದದ್ದು ಅದೇ ದಾರಿಯಲ್ಲಿ. ಮಳೆಗಾಲ ಬಂತು, ಬೇಸಿಗೆ ಬಂತು, ಮುಸುಕು ಮಾತ್ರ ಹಾಗೆಯೇ. ಒಮ್ಮೆ ಮುಂದಿನ ಸೀಟಿನಲ್ಲಿದ್ದ ಮಗು, “ಅಮ್ಮಾ, ಆ ತಾತನಿಗೆ ಚಳಿಯಾ?” ಎಂದು ಕೇಳಿತು. “ಸುಮ್ಮನೆ ಕೂತುಕೋ” ಎಂದರು ತಾಯಿ. ಒಳಗಿರುವುದು ಯಾರೆಂದು ಪಾಪ, ಅವರಿಗೂ ಗೊತ್ತಿರಲಿಲ್ಲವೇನೋ.

ಕೊನೆಗೆ 2009ರ ಆಗಸ್ಟ್ 9ರಂದು ಮುಸುಕು ಸರಿಯಿತು. ಯಡಿಯೂರಪ್ಪನವರು, ಕರುಣಾನಿಧಿಯವರು, ಇಬ್ಬರು ಮುಖ್ಯಮಂತ್ರಿಗಳೂ ಬಂದಿದ್ದರು. ನಾಲ್ಕೇ ದಿನ, 13ನೇ ತಾರೀಖು ಚೆನ್ನೈನ ಅಯನಾವರಂನಲ್ಲಿ ನಮ್ಮ ಸರ್ವಜ್ಞನ ಪ್ರತಿಮೆ ಅನಾವರಣಗೊಂಡಿತು. ಎರಡು ಸಾಲಿನ ಕುರಳ್ ಬರೆದವರು ಇಲ್ಲಿಗೆ ಬಂದರು, ಮೂರು ಸಾಲಿನ ತ್ರಿಪದಿಯವನು ಅಲ್ಲಿಗೆ ಹೋದ. ಒಂದು ಸಾಲನ್ನು ನಾವೇ ಹೆಚ್ಚು ಕೊಟ್ಟೆವು ಎಂದು ನಾನು ಚೆನ್ನೈಯ ಗೆಳೆಯರನ್ನು ಇವತ್ತಿಗೂ ಕೆಣಕುತ್ತೇನೆ.

ಈ ಕಥೆ ಹಿಡಿದರೆ ನನಗೆ ಗಡಿಯಾರ ಕಾಣುವುದಿಲ್ಲ. ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಮೈಸೂರಿನ ಬ್ರಿಟಿಷ್ ಕಮಿಷನರ್ ಆಗಿದ್ದ ಕಬ್ಬನ್ ಸಾಹೇಬರು ಕುದುರೆಯೇರಿ ಕುಳಿತ ಪ್ರತಿಮೆ 1866ರಲ್ಲಿ ಪೆರೇಡ್ ಮೈದಾನದಲ್ಲಿತ್ತು. ಆಮೇಲೆ ಈಗ ಹೈಕೋರ್ಟ್ ಇರುವ ಅಠಾರಾ ಕಚೇರಿಯ ಎದುರಿಗೆ ಬಂತು, 2020ರಲ್ಲಿ ಕಬ್ಬನ್ ಉದ್ಯಾನದೊಳಕ್ಕೆ ಹೋಯಿತು. ಕುದುರೆ ಇದ್ದೂ ಪ್ರತಿ ಸಲ ಜನರೇ ಹೊತ್ತು ಸಾಗಿಸಬೇಕಾಯಿತು! ವಿಕ್ಟೋರಿಯಾ ರಾಣಿಯ ಅಮೃತಶಿಲೆಯ ಪ್ರತಿಮೆಯನ್ನು 1906ರಲ್ಲಿ ಅನಾವರಣ ಮಾಡಿದ್ದು ಮೊಮ್ಮಗನೇ, ಮುಂದೆ ಐದನೇ ಜಾರ್ಜ್ ಆದವನು.

ವಿಮಾನ ನಿಲ್ದಾಣದ ಕೆಂಪೇಗೌಡರ ಪ್ರತಿಮೆ 108 ಅಡಿ. ಶಿಲ್ಪಿ ರಾಮ್ ಸುತಾರ್, ವರ್ಷ 2022. ಎತ್ತರವನ್ನು ಎಲ್ಲರೂ ಕೇಳುತ್ತಾರೆ, ಆದ್ದರಿಂದ ಹೇಳಿದೆ.

ಲಾಲ್‌ಬಾಗಿನಲ್ಲಿ ಚಾಮರಾಜೇಂದ್ರ ಒಡೆಯರು ಕುದುರೆಯೇರಿ ಕುಳಿತಿದ್ದಾರಲ್ಲ, ಗಾಜಿನ ಮನೆಯ ಅವಸರದಲ್ಲಿ ನೀವು ದಾಟಿಹೋಗುವ ಪ್ರತಿಮೆ, ಅದೂ ಇಲ್ಲಿಯದಲ್ಲ. 1908ರಲ್ಲಿ ಮೈಸೂರಿನಿಂದ ಬಂದದ್ದು. ಈ ಭಾನುವಾರ ಅದರ ಮುಂದೆ ಎರಡು ನಿಮಿಷ ನಿಲ್ಲಿ. ನಮಸ್ಕಾರ.