3-1ರಿಂದ ಎದ್ದು ಬಂದವರು: 2016ರ ಎನ್‌ಬಿಎ ಫೈನಲ್ಸ್ ತಿರುಗಿದ್ದು ಹೇಗೆ?

[ಪರದೆಯ ಮೇಲೆ ದೊಡ್ಡದಾಗಿ: 610 – 610]

ನಮಸ್ಕಾರ. ಈ ಎರಡು ಅಂಕಿಗಳನ್ನು ಒಮ್ಮೆ ನೋಡಿ. 2016ರ ಜೂನ್‌ನಲ್ಲಿ ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ಫೈನಲ್ಸ್‌ನ ಆರು ಪಂದ್ಯ ಮುಗಿದಾಗ ಎರಡು ತಂಡಗಳು ಗಳಿಸಿದ್ದ ಒಟ್ಟು ಪಾಯಿಂಟ್‌ಗಳಿವು. ಗೋಲ್ಡನ್ ಸ್ಟೇಟ್ ವಾರಿಯರ್ಸ್ 610. ಕ್ಲೀವ್‌ಲ್ಯಾಂಡ್ ಕ್ಯಾವಲಿಯರ್ಸ್ 610.

ವಿಚಿತ್ರ ಏನು ಗೊತ್ತಾ? ಆ ಆರರಲ್ಲಿ ಒಂದು ಪಂದ್ಯವೂ ಜಿದ್ದಾಜಿದ್ದಿ ಆಗಿರಲಿಲ್ಲ. ಅತಿ ಕಡಿಮೆ ಅಂತರವೇ 11 ಪಾಯಿಂಟ್. ಎರಡನೇ ಪಂದ್ಯವನ್ನು ವಾರಿಯರ್ಸ್ 33 ಪಾಯಿಂಟ್‌ಗಳಿಂದ ಗೆದ್ದರೆ, ಮೂರನೆಯದನ್ನು ಕ್ಯಾವಲಿಯರ್ಸ್ 30ರಿಂದ ಗೆದ್ದಿತು. ಆರು ದಿನದ ಆಟವನ್ನು ಕೂಡಿಸಿ ನೋಡಿದರೆ ಮಾತ್ರ ಸಮ ಸಮ.

ಒಂದು ವಾರದ ಹಿಂದೆ ಹೀನಾಯವಾಗಿ ಸೋಲುತ್ತಿದ್ದ ತಂಡ ಇಲ್ಲಿಗೆ ಹೇಗೆ ಬಂತು? ಏಳು ಪಂದ್ಯಗಳ ಸರಣಿ ಸೋತವನಿಗೆ ಏನು ಕೊಡುತ್ತದೆ ಅನ್ನುವುದರಲ್ಲೇ ಇದಕ್ಕೆ ಉತ್ತರ ಇದೆ ಅಂತ ನನ್ನ ನಂಬಿಕೆ. ಅದನ್ನೇ ಇವತ್ತು ಬಿಡಿಸಿ ನೋಡೋಣ.

[ಪರದೆಯ ಮೇಲೆ: ಪ್ಲೇಆಫ್ ನಕ್ಷೆ, ಎರಡು ಕಡೆ ಎಂಟೆಂಟು ತಂಡ]

ಮೊದಲು ನಿಯಮ, ಚುಟುಕಾಗಿ. ಎನ್‌ಬಿಎದಲ್ಲಿ 30 ತಂಡ. ಪೂರ್ವ, ಪಶ್ಚಿಮ ಅಂತ ಎರಡು ಕಾನ್ಫರೆನ್ಸ್. ಪ್ರತಿ ತಂಡ 82 ಪಂದ್ಯ ಆಡಿದ ಮೇಲೆ ಎರಡೂ ಕಡೆಯಿಂದ ಎಂಟೆಂಟು ತಂಡ ಪ್ಲೇಆಫ್‌ಗೆ ಬರುತ್ತವೆ. ಅಲ್ಲಿಂದ ನಾಲ್ಕು ಸುತ್ತು. ಪ್ರತಿ ಸುತ್ತಿನಲ್ಲೂ ಅದೇ ಎರಡು ತಂಡ ಮತ್ತೆ ಮತ್ತೆ ಎದುರಾಗುತ್ತವೆ, ಮೊದಲು ನಾಲ್ಕು ಗೆದ್ದವರು ಮುಂದಕ್ಕೆ. ಜಾಸ್ತಿ ಪಂದ್ಯ ಗೆದ್ದು ಬಂದ ತಂಡಕ್ಕೆ ಮೊದಲ ಎರಡು, ಐದನೆಯದು, ಏಳನೆಯದು ತವರಿನಲ್ಲಿ. ಉಳಿದ ಮೂರು ಎದುರಾಳಿಯ ಊರಲ್ಲಿ.

ಇದರ ಬೆಲೆ ನಮಗೆ ಅರ್ಥವಾಗಲು ಅದೇ ವರ್ಷದ ಇನ್ನೊಂದು ಫೈನಲ್ ನೆನಪಿಸಿಕೊಂಡರೆ ಸಾಕು. 2016ರ ಮೇ 29, ಚಿನ್ನಸ್ವಾಮಿ ಸ್ಟೇಡಿಯಂ. ಆ ಐಪಿಎಲ್‌ನಲ್ಲಿ ಕೊಹ್ಲಿ 973 ರನ್ ಹೊಡೆದಿದ್ದರು. 209ರ ಗುರಿ ಬೆನ್ನಟ್ಟಿದ ಆರ್‌ಸಿಬಿಗೆ ಕೊಹ್ಲಿ, ಗೇಲ್ ಮೊದಲ ವಿಕೆಟ್‌ಗೇ 114 ರನ್ ಕೂಡಿಸಿ ಕೊಟ್ಟರು. ಆಮೇಲೆ ವಿಕೆಟ್ ಬೀಳುತ್ತಾ ಹೋದವು. ಹೈದರಾಬಾದ್ 8 ರನ್‌ಗಳಿಂದ ಗೆದ್ದಿತು. ಅಷ್ಟೇ, ಕಥೆ ಮುಗಿಯಿತು. ಎಲ್ಲಿ ಎಡವಿದೆವು ಅಂತ ಆ ರಾತ್ರಿ ಕೂತು ನೋಡಿದರೂ, ಅದನ್ನು ಸರಿಪಡಿಸಿಕೊಳ್ಳಲು ಎರಡು ದಿನ ಬಿಟ್ಟು ಇನ್ನೊಂದು ಪಂದ್ಯ ಇರಲಿಲ್ಲ. ಬಾಸ್ಕೆಟ್‌ಬಾಲ್ ಸರಣಿಯಲ್ಲಿ ಅದು ಇರುತ್ತದೆ. ತಪ್ಪಾದ ಉತ್ತರ ಪತ್ರಿಕೆ ಕೈಗೆ ಕೊಟ್ಟು, ಅದೇ ಪ್ರಶ್ನೆಗಳಿಗೆ ಮತ್ತೆ ಪರೀಕ್ಷೆ ಬರೆಯಿರಿ ಅಂದ ಹಾಗೆ.

[ಪರದೆಯ ಮೇಲೆ: 73 – 9]

ಈಗ ತಂಡಗಳ ಕಡೆ ಬರೋಣ. ಆ ಸೀಸನ್‌ನಲ್ಲಿ ವಾರಿಯರ್ಸ್ 82ರಲ್ಲಿ 73 ಗೆದ್ದಿತ್ತು. ಶುರುವಾಗಿದ್ದೇ ಸತತ 24 ಗೆಲುವಿನಿಂದ. ಅದಕ್ಕೂ ಮೊದಲಿನ ದಾಖಲೆ ಮೈಕೆಲ್ ಜೋರ್ಡನ್ ಇದ್ದ ಚಿಕಾಗೋ ಬುಲ್ಸ್ ತಂಡದ್ದು, 1995-96ರಲ್ಲಿ 72. ಆ ಬುಲ್ಸ್ ತಂಡದಲ್ಲಿ ಆಡಿದ್ದ ಸ್ಟೀವ್ ಕೆರ್ ಅವರೇ ಆಗ ವಾರಿಯರ್ಸ್ ಕೋಚ್. ಸ್ಟೆಫನ್ ಕರ್ರಿ ಒಂದೇ ಸೀಸನ್‌ನಲ್ಲಿ 402 ತ್ರೀ ಪಾಯಿಂಟರ್, ಅಂದರೆ ದೂರದ ಗೆರೆಯಾಚೆಯಿಂದ ಮೂರು ಪಾಯಿಂಟ್ ತರುವ ಎಸೆತ, ಹಾಕಿದ್ದರು. ಸೀಸನ್‌ನ ಅತ್ಯುತ್ತಮ ಆಟಗಾರನಿಗೆ ಕೊಡುವ ಎಂವಿಪಿ ಪ್ರಶಸ್ತಿಗೆ ಎಲ್ಲ ಮತಗಳೂ ಅವರಿಗೇ ಬಿದ್ದವು. ಎನ್‌ಬಿಎ ಇತಿಹಾಸದಲ್ಲಿ ಹಾಗಾಗಿದ್ದು ಅದೇ ಮೊದಲು.

ಆದರೆ ಪ್ಲೇಆಫ್ ಅವರಿಗೆ ಸಲೀಸಾಗಿರಲಿಲ್ಲ. ಮೊದಲ ಸುತ್ತಿನಲ್ಲೇ ಕರ್ರಿಯ ಮಂಡಿಗೆ ಪೆಟ್ಟಾಯಿತು. ಪಶ್ಚಿಮದ ಫೈನಲ್‌ನಲ್ಲಿ ಒಕ್ಲಹೋಮ ಸಿಟಿ ಥಂಡರ್ ಅವರನ್ನು 3-1ರ ಹಿನ್ನಡೆಗೆ ತಳ್ಳಿತು. ಆರನೇ ಪಂದ್ಯದಲ್ಲಿ ಕ್ಲೇ ಥಾಂಪ್ಸನ್ 11 ತ್ರೀ ಹಾಕಿ ತಂಡವನ್ನು ಉಳಿಸಿದರು, ಏಳನೆಯದನ್ನೂ ಗೆದ್ದು ಫೈನಲ್ಸ್‌ಗೆ ಬಂದರು. ಅಂದರೆ 3-1ರಿಂದ ಎದ್ದು ಬರುವುದು ಹೇಗೆ ಅಂತ ಆ ವರ್ಷ ಮೊದಲು ತೋರಿಸಿಕೊಟ್ಟವರೇ ವಾರಿಯರ್ಸ್. ಇದನ್ನು ತುಂಬಾ ಜನ ಮರೆತೇ ಬಿಡುತ್ತಾರೆ.

ಇನ್ನೊಂದು ಕಡೆ ಕ್ಲೀವ್‌ಲ್ಯಾಂಡ್. ಒಹಾಯೊ ರಾಜ್ಯದ ಕೈಗಾರಿಕಾ ಊರು. 1964ರಲ್ಲಿ ಬ್ರೌನ್ಸ್ ಫುಟ್‌ಬಾಲ್ ತಂಡ ಗೆದ್ದ ಮೇಲೆ ಆ ಊರಿನ ಯಾವ ದೊಡ್ಡ ತಂಡವೂ ಪಟ್ಟ ಗೆದ್ದಿರಲಿಲ್ಲ. ಪಕ್ಕದ ಆ್ಯಕ್ರನ್‌ನಲ್ಲಿ ಹುಟ್ಟಿ ಬೆಳೆದ ಲೆಬ್ರಾನ್ ಜೇಮ್ಸ್ 2010ರಲ್ಲಿ ಮಯಾಮಿಗೆ ಹೋದಾಗ ಊರಿನವರು ಅವರ ಜೆರ್ಸಿ ಸುಟ್ಟರು. 2014ರಲ್ಲಿ ಅವರು ವಾಪಸ್ ಬಂದರು. 2015ರ ಫೈನಲ್ಸ್‌ನಲ್ಲಿ ಇದೇ ವಾರಿಯರ್ಸ್ ಎದುರು 4-2ರಿಂದ ಸೋತರು. ಆಗ ಅವರ ತಂಡದ ಕೆವಿನ್ ಲವ್ ಗಾಯಗೊಂಡು ಹೊರಗಿದ್ದರು, ಕೈರಿ ಇರ್ವಿಂಗ್ ಮೊದಲ ಪಂದ್ಯದಲ್ಲೇ ಗಾಯಗೊಂಡರು. 2016ರ ಜನವರಿಯಲ್ಲಿ, ತಂಡ 30-11ರಲ್ಲಿ ಚೆನ್ನಾಗಿಯೇ ಆಡುತ್ತಿದ್ದಾಗ, ಕೋಚ್ ಡೇವಿಡ್ ಬ್ಲಾಟ್ ಅವರನ್ನು ತೆಗೆದು ಟೈರನ್ ಲೂ ಅವರಿಗೆ ಜವಾಬ್ದಾರಿ ಕೊಟ್ಟರು.

[ಪರದೆಯ ಮೇಲೆ ಪಂದ್ಯಗಳ ಸ್ಕೋರ್ ಒಂದೊಂದಾಗಿ]

ಮೊದಲ ಪಂದ್ಯ 104-89, ಎರಡನೆಯದು 110-77. ಎರಡೂ ವಾರಿಯರ್ಸ್‌ಗೆ. ಮೊದಲ ಪಂದ್ಯದಲ್ಲಿ ಕರ್ರಿ ಮತ್ತು ಥಾಂಪ್ಸನ್ ಸೇರಿ ಬರೀ 20 ಪಾಯಿಂಟ್ ಹಾಕಿದ್ದರೂ ತಂಡ ಆರಾಮಾಗಿ ಗೆದ್ದಿತು. ಬೆಂಚಿನಿಂದ ಬಂದವರೇ 45 ಪಾಯಿಂಟ್ ಹಾಕಿದ್ದರು. ಎರಡನೆಯದರಲ್ಲಿ ತಲೆಗೆ ಪೆಟ್ಟು ಬಿದ್ದು ಲವ್ ಮೂರನೇ ಪಂದ್ಯಕ್ಕೆ ಇಲ್ಲವಾದರು. ಕ್ಲೀವ್‌ಲ್ಯಾಂಡ್‌ನಲ್ಲಿ ಕ್ಯಾವಲಿಯರ್ಸ್ 120-90ರಿಂದ ಗೆದ್ದಿತು. ನಾಲ್ಕನೆಯದರಲ್ಲಿ ಕರ್ರಿ 38 ಹಾಕಿ 108-97. ಈಗ 3-1. ಅಲ್ಲಿಯವರೆಗೆ ಫೈನಲ್ಸ್‌ನಲ್ಲಿ 32 ತಂಡಗಳು 3-1ರಿಂದ ಹಿಂದೆ ಬಿದ್ದಿದ್ದವು. ಒಂದೂ ಗೆದ್ದಿರಲಿಲ್ಲ.

ಇಲ್ಲಿ ಸ್ವಲ್ಪ ನಿಲ್ಲೋಣ. ಮುಂದಿನದೆಲ್ಲ ಈ ನಾಲ್ಕು ಪಂದ್ಯಗಳಲ್ಲಿ ಕ್ಲೀವ್‌ಲ್ಯಾಂಡ್ ಕಲಿತದ್ದರ ಫಲ.

[ಪರದೆಯ ಮೇಲೆ: ಅಂಕಣದ ಚಿತ್ರ, ನಾಲ್ಕು ಚುಕ್ಕಿ, ಎರಡು ಬಾಣ]

ಬಾಸ್ಕೆಟ್‌ಬಾಲ್‌ನಲ್ಲಿ ಸ್ಕ್ರೀನ್ ಅಂತ ಒಂದು ಆಟ ಇದೆ. ಚೆಂಡು ಲೆಬ್ರಾನ್ ಕೈಯಲ್ಲಿದೆ. ಅವರನ್ನು ಒಬ್ಬ ಕಾಯುತ್ತಿದ್ದಾನೆ. ಆಗ ಲೆಬ್ರಾನ್ ತಂಡದವನೇ ಒಬ್ಬ ಬಂದು, ಕಾಯುವವನ ದಾರಿಗೆ ಅಡ್ಡ ನಿಲ್ಲುತ್ತಾನೆ. ಕಾಯುವವನು ಸಿಕ್ಕಿಹಾಕಿಕೊಂಡ. ಈಗ ಏನು ಮಾಡುವುದು? ವಾರಿಯರ್ಸ್ ಇದಕ್ಕೆ ಜಾಸ್ತಿ ಬಳಸುತ್ತಿದ್ದ ಉಪಾಯ ಸ್ವಿಚ್. ಕಾಯುವ ಇಬ್ಬರೂ ತಮ್ಮ ತಮ್ಮ ಆಳನ್ನು ಅದಲು ಬದಲು ಮಾಡಿಕೊಳ್ಳುತ್ತಾರೆ. ಡ್ರೇಮಂಡ್ ಗ್ರೀನ್, ಇಗ್ವಾಡಾಲ, ಥಾಂಪ್ಸನ್, ಇವರೆಲ್ಲ ಎತ್ತರದವರನ್ನೂ ಕಾಯಬಲ್ಲರು, ಚುರುಕಿನವರನ್ನೂ ಕಾಯಬಲ್ಲರು. ಹಾಗಾಗಿ ಬದಲಾದರೂ ನಷ್ಟ ಇರಲಿಲ್ಲ.

ಒಬ್ಬರನ್ನು ಬಿಟ್ಟು. ಅವರೇ ಕರ್ರಿ.

ಕ್ಲೀವ್‌ಲ್ಯಾಂಡ್ ಹಿಡಿದದ್ದು ಇದನ್ನೇ. ಕರ್ರಿ ಯಾರನ್ನು ಕಾಯುತ್ತಿದ್ದಾರೋ, ಅವನನ್ನೇ ಸ್ಕ್ರೀನ್ ಹಾಕಲು ಕಳಿಸುವುದು. ಆಳು ಬದಲಾಗುತ್ತದೆ. ಈಗ ಲೆಬ್ರಾನ್ ಎದುರು, ಇಲ್ಲವೇ ಇರ್ವಿಂಗ್ ಎದುರು, ಕರ್ರಿ ಒಬ್ಬರೇ. ಮತ್ತೆ ಅದೇ. ಮತ್ತೆ ಅದೇ. ಇದರಿಂದ ಎರಡು ಲಾಭ. ಒಂದು, ಸುಲಭವಾಗಿ ಪಾಯಿಂಟ್ ಸಿಗುತ್ತದೆ. ಎರಡನೆಯದು ನನ್ನ ಪ್ರಕಾರ ಇನ್ನೂ ದೊಡ್ಡದು. ಮಂಡಿ ಪೆಟ್ಟಿನಿಂದ ಈಗಷ್ಟೇ ಚೇತರಿಸಿಕೊಂಡಿದ್ದ ಕರ್ರಿ ಆ ತುದಿಯಲ್ಲಿ ದಣಿಯುತ್ತಾರೆ, ಫೌಲ್ ಮಾಡುತ್ತಾರೆ, ಈ ತುದಿಗೆ ಬರುವ ಹೊತ್ತಿಗೆ ಕಾಲಿನಲ್ಲಿ ಕಸುವು ಕಡಿಮೆ. ಒಂದು ಪಂದ್ಯದಲ್ಲಿ ಇದು ಕಾಣುವುದಿಲ್ಲ. ಎರಡು ವಾರದಲ್ಲಿ ಕಾಣುತ್ತದೆ.

ಜೊತೆಗೆ ಕ್ಲೀವ್‌ಲ್ಯಾಂಡ್‌ನವರು ಇನ್ನೊಂದು ಲೆಕ್ಕ ಹಾಕಿದರು. ಎಲ್ಲರನ್ನೂ ಬಿಗಿಯಾಗಿ ಕಾಯಲು ಆಗುವುದಿಲ್ಲ. ಹಾಗಾದರೆ ಯಾರನ್ನು ಬಿಡುವುದು? ವಾರಿಯರ್ಸ್‌ನ ಹ್ಯಾರಿಸನ್ ಬಾರ್ನ್ಸ್ ಅವರನ್ನು ಬಿಟ್ಟರು. ಖಾಲಿ ಜಾಗದಲ್ಲಿ ನಿಂತು ಎಸೆದರೂ ಬಾರ್ನ್ಸ್‌ಗೆ ಬೀಳಲಿಲ್ಲ. ಕೊನೆಯ ಮೂರು ಪಂದ್ಯದಲ್ಲಿ 32 ಎಸೆತಕ್ಕೆ ಬಿದ್ದದ್ದು ಐದೇ. ಒಳ್ಳೆಯ ಆಟಗಾರ, ಅವರನ್ನು ಹಳಿಯುವುದು ನನಗೆ ಇಷ್ಟವಿಲ್ಲ. ಎಲ್ಲರ ಕಣ್ಣೂ ತನ್ನ ಮೇಲೇ ಇದ್ದಾಗ ಆ ಚೆಂಡು ಎಷ್ಟು ಭಾರ ಅನ್ನಿಸುತ್ತದೆ ಅಂತ ಅಂಕಣದಲ್ಲಿ ನಿಂತವರಿಗೇ ಗೊತ್ತು.

[ಪರದೆಯ ಮೇಲೆ: ಫ್ಲೇಗ್ರಂಟ್ ಪಾಯಿಂಟ್ 1 + 2 + 1 = 4]

ಹಾಗಂತ ಎಲ್ಲವೂ ತಂತ್ರದಿಂದಲೇ ಆಯಿತು ಅಂದರೆ ಸುಳ್ಳಾಗುತ್ತದೆ. ನಾಲ್ಕನೇ ಪಂದ್ಯದ ಕೊನೆಯಲ್ಲಿ ಗ್ರೀನ್ ಕೆಳಗೆ ಬಿದ್ದರು. ಲೆಬ್ರಾನ್ ಅವರನ್ನು ದಾಟಿಕೊಂಡೇ ಹೋದರು. ಸಿಟ್ಟಿಗೆದ್ದ ಗ್ರೀನ್ ಕೈ ಬೀಸಿದರು, ಅದು ಸೊಂಟದ ಕೆಳಗೆ ತಗುಲಿತು. ಎನ್‌ಬಿಎ ವಿಡಿಯೋ ನೋಡಿ ಇದನ್ನು ಫ್ಲೇಗ್ರಂಟ್, ಅಂದರೆ ಅತಿ ಒರಟಾದ ಫೌಲ್ ಅಂತ ಬರೆದುಕೊಂಡಿತು. ಪ್ಲೇಆಫ್‌ನಲ್ಲಿ ಇಂಥ ಫೌಲ್‌ಗಳಿಗೆ ಪಾಯಿಂಟ್ ಸೇರುತ್ತಾ ಹೋಗುತ್ತದೆ. ನಾಲ್ಕು ಆದರೆ ಒಂದು ಪಂದ್ಯ ಹೊರಗೆ. ಹೂಸ್ಟನ್ ಎದುರು ಒಂದು, ಒಕ್ಲಹೋಮ ಸಿಟಿಯ ಸ್ಟೀವನ್ ಆ್ಯಡಮ್ಸ್‌ಗೆ ಒದ್ದಿದ್ದಕ್ಕೆ ಎರಡು, ಈಗ ಇದೊಂದು. ನಾಲ್ಕು ತುಂಬಿತು. ಸರಣಿ ಉದ್ದವಾದಷ್ಟೂ ಹಳೆಯ ತಪ್ಪುಗಳೂ ಜೊತೆಗೇ ಬರುತ್ತವೆ, ಅಲ್ವಾ?

ಐದನೇ ಪಂದ್ಯ ಓಕ್ಲೆಂಡ್‌ನ ಒರೇಕಲ್ ಅರೆನಾದಲ್ಲಿ ನಡೆದಾಗ ಗ್ರೀನ್ ಪಕ್ಕದ ಬೇಸ್‌ಬಾಲ್ ಸ್ಟೇಡಿಯಂನಲ್ಲಿ ಕೂತು ನೋಡಿದರು. ರಿಂಗ್ ಕಾಯುವ ಮುಖ್ಯ ಆಳೇ ಇಲ್ಲ. ಲೆಬ್ರಾನ್ 41, ಇರ್ವಿಂಗ್ 41. ಫೈನಲ್ಸ್‌ನಲ್ಲಿ ಒಂದೇ ತಂಡದ ಇಬ್ಬರು 40 ದಾಟಿದ್ದು ಅದೇ ಮೊದಲು. 112-97. ಅದೇ ಪಂದ್ಯದಲ್ಲಿ ವಾರಿಯರ್ಸ್‌ನ ಎತ್ತರದ ಆಟಗಾರ ಆಂಡ್ರ್ಯೂ ಬೋಗಟ್ ಮಂಡಿಗೆ ಪೆಟ್ಟು ಮಾಡಿಕೊಂಡು ಸರಣಿಯಿಂದಲೇ ಹೊರಬಿದ್ದರು.

ಆರನೆಯದು ಕ್ಲೀವ್‌ಲ್ಯಾಂಡ್‌ನಲ್ಲಿ. ಮೊದಲ ಕ್ವಾರ್ಟರ್ ಮುಗಿದಾಗಲೇ 31-11. ಲೆಬ್ರಾನ್ ಮತ್ತೆ 41. ಕರ್ರಿ ಆರು ಫೌಲ್ ಮಾಡಿ ಹೊರಗೆ. ಸಿಟ್ಟಿನಲ್ಲಿ ಎಸೆದ ಅವರ ಮೌತ್‌ಗಾರ್ಡ್ ಒಬ್ಬ ಪ್ರೇಕ್ಷಕನಿಗೆ ತಾಗಿತು. ಸೀಸನ್ ಪೂರ್ತಿ ನಗುನಗುತ್ತಾ ಆಡಿದ ಮನುಷ್ಯ! ಪದೇ ಪದೇ ಅವರನ್ನೇ ಹುಡುಕಿಕೊಂಡು ಬಂದ ಆಟ ಅಲ್ಲಿಗೆ ತಂದು ನಿಲ್ಲಿಸಿತ್ತು. 115-101. ಸರಣಿ 3-3. ಆ 610-610 ಬಂದದ್ದು ಇಲ್ಲಿ.

[ಪರದೆಯ ಮೇಲೆ: ಜೂನ್ 19, 2016. ಒರೇಕಲ್ ಅರೆನಾ. ಏಳನೇ ಪಂದ್ಯ]

ಅಲ್ಲಿ ಭಾನುವಾರ ಸಂಜೆ, ನಮಗೆ ಸೋಮವಾರ ಬೆಳಗಿನ ಜಾವ. ಇಲ್ಲಿ ಎನ್‌ಬಿಎ ನೋಡುವವರಿಗೆ ಈ ಹೊತ್ತು ಚೆನ್ನಾಗಿ ಗೊತ್ತು. ಓಕ್ಲೆಂಡ್ ಇರುವ ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ನೆಲೆಸಿದ ನಮ್ಮ ಕನ್ನಡದವರಿಗಂತೂ ವಾರಿಯರ್ಸ್ ಊರಿನದೇ ತಂಡ.

ಹಿಂದಿನ ಆರೂ ಪಂದ್ಯ ಏಕಪಕ್ಷೀಯ, ಇದು ಪೂರ್ತಿ ಬೇರೆ. ಅರ್ಧಕ್ಕೆ ವಾರಿಯರ್ಸ್ 49-42. ಮೂರನೇ ಕ್ವಾರ್ಟರ್ ಮುಗಿದಾಗ 76-75. ಹಿಂದಿರುಗಿದ್ದ ಗ್ರೀನ್ 32 ಪಾಯಿಂಟ್, 15 ರೀಬೌಂಡ್ (ತಪ್ಪಿದ ಎಸೆತದ ಚೆಂಡು ಹಿಡಿಯುವುದು), 9 ಅಸಿಸ್ಟ್ (ಬುಟ್ಟಿಗೆ ಬೀಳುವ ಎಸೆತಕ್ಕೆ ಚೆಂಡು ಕೊಡುವುದು). ಅವರ ಜೀವನದ ಅತ್ಯುತ್ತಮ ಆಟಗಳಲ್ಲಿ ಒಂದು, ಅದೂ ಸೋತ ಪಂದ್ಯದಲ್ಲಿ. ನನಗೆ ಇವತ್ತಿಗೂ ಇದು ಸಂಕಟ ತರುವ ಸಂಗತಿ.

4 ನಿಮಿಷ 39 ಸೆಕೆಂಡ್ ಉಳಿದಿರುವಾಗ 89-89. ಆಮೇಲೆ ಸುಮಾರು ನಾಲ್ಕು ನಿಮಿಷ ಯಾರೂ ಒಂದು ಪಾಯಿಂಟ್ ಹಾಕಲಿಲ್ಲ. ಜಗತ್ತಿನ ಅತ್ಯುತ್ತಮ ಆಟಗಾರರು. ಎಸೆದದ್ದೆಲ್ಲ ಹೊರಗೆ. ಇಷ್ಟು ದಿನ ಆಡಿ ಎರಡೂ ಕಡೆಯವರ ಕಾಲು ಸೋತಿದ್ದವು, ಎದುರಾಳಿಯ ಪ್ರತಿ ಆಟವೂ ಇವರಿಗೆ ಬಾಯಿಪಾಠ ಆಗಿತ್ತು.

1 ನಿಮಿಷ 50 ಸೆಕೆಂಡ್. ಇರ್ವಿಂಗ್ ಎಸೆತ ತಪ್ಪಿತು. ಇಗ್ವಾಡಾಲ ಚೆಂಡು ಹಿಡಿದು ಓಡಿದರು, ಕರ್ರಿಗೆ ಕೊಟ್ಟು ಮತ್ತೆ ಪಡೆದರು. ಮುಂದೆ ರಿಂಗ್, ಸರಳ ಲೇಅಪ್. ಅಡ್ಡ ಬಂದ ಕ್ಯಾವಲಿಯರ್ಸ್‌ನ ಜೆ.ಆರ್. ಸ್ಮಿತ್‌ನಿಂದ ತಪ್ಪಿಸಿಕೊಳ್ಳಲು ಗಾಳಿಯಲ್ಲಿ ಅರೆಕ್ಷಣ ತಡೆದರು. ಆ ಅರೆಕ್ಷಣದಲ್ಲಿ ಅಂಕಣದ ಉದ್ದಕ್ಕೂ ಓಡಿ ಬಂದ ಲೆಬ್ರಾನ್ ಹಿಂದಿನಿಂದ ಹಾರಿ ಚೆಂಡನ್ನು ಬೋರ್ಡಿಗೆ ಬಡಿದರು. ಈ ಬ್ಲಾಕ್ ಎಷ್ಟು ಸಲ ನೋಡಿದರೂ ಸಾಕೆನಿಸುವುದಿಲ್ಲ. ಸ್ಮಿತ್ ಮಾಡಿದ ಚಿಕ್ಕ ಕೆಲಸವನ್ನೂ ಒಮ್ಮೆ ಗಮನಿಸಿ ನೋಡಿ.

53 ಸೆಕೆಂಡ್. ಚೆಂಡು ಇರ್ವಿಂಗ್ ಬಳಿ, ಕಾಯುತ್ತಿರುವವರು ಕ್ಲೇ ಥಾಂಪ್ಸನ್. ಸ್ಮಿತ್ ಬಂದು ಸ್ಕ್ರೀನ್ ಹಾಕಿದರು. ಸ್ಮಿತ್‌ರನ್ನು ಕಾಯುತ್ತಿದ್ದವರು ಯಾರು? ಕರ್ರಿ. ಆಳು ಬದಲಾಯಿತು. ಎರಡು ವಾರದಿಂದ ಆಡಿದ ಅದೇ ಆಟ. ಇರ್ವಿಂಗ್ ಬಲಕ್ಕೆ ಸರಿದು, ಹಿಂದಕ್ಕೆ ವಾಲಿ ಎಸೆದರು. ತ್ರೀ. 92-89.

ಮುಂದಿನ ಆಟದಲ್ಲಿ ವಾರಿಯರ್ಸ್ ಕೂಡ ಅದೇ ಉಪಾಯ ಮಾಡಿತು. ಸ್ವಿಚ್ ಮಾಡಿಸಿ ಕರ್ರಿಯ ಎದುರು ಕೆವಿನ್ ಲವ್ ಬರುವಂತೆ ನೋಡಿಕೊಂಡಿತು. ಕಾಯುವುದರಲ್ಲಿ ಲವ್ ನಿಧಾನ, ಇದು ಎಲ್ಲರಿಗೂ ಗೊತ್ತು. ಆದರೆ ಆ ಕೆಲವು ಸೆಕೆಂಡ್ ಲವ್ ಅಡಿಗೆ ಅಡಿ ಹಿಡಿದು ನಿಂತರು. ಕರ್ರಿ ಎಡಕ್ಕೆ ಹೋದರು, ಬಲಕ್ಕೆ ಬಂದರು, ಜಾಗ ಸಿಗಲಿಲ್ಲ. ಎಸೆದದ್ದು ತಪ್ಪಿತು. ಲೆಬ್ರಾನ್ ಒಂದು ಫ್ರೀ ಥ್ರೋ ಹಾಕಿದರು. 93-89.

[ಪರದೆಯ ಮೇಲೆ: 703 – 699]

ಕ್ಯಾವಲಿಯರ್ಸ್ ಸರಣಿಯನ್ನು 4-3ರಿಂದ ಗೆದ್ದಿತು, ಏಳೂ ಪಂದ್ಯದ ಒಟ್ಟು ಪಾಯಿಂಟ್ 703-699. ಸರಣಿಯಲ್ಲಿ ಪಾಯಿಂಟ್, ರೀಬೌಂಡ್, ಅಸಿಸ್ಟ್, ಸ್ಟೀಲ್ (ಎದುರಾಳಿಯಿಂದ ಚೆಂಡು ಕಸಿಯುವುದು), ಬ್ಲಾಕ್ ಐದರಲ್ಲೂ ಎರಡೂ ತಂಡಕ್ಕೆ ಲೆಬ್ರಾನ್ ಮೊದಲಿಗರು. ಹಾಗೆ ಮಾಡಿದವರು ಅದಕ್ಕೆ ಮೊದಲು ಯಾರೂ ಇರಲಿಲ್ಲ. 52 ವರ್ಷ ಕಾದಿದ್ದ ಊರು ಮೂರು ದಿನ ಬಿಟ್ಟು ಬೀದಿಗಿಳಿದು ಮೆರವಣಿಗೆ ಮಾಡಿತು.

ವಾರಿಯರ್ಸ್ ಸುಮ್ನೆ ಕೂರಲಿಲ್ಲ. ಹದಿನೈದೇ ದಿನದಲ್ಲಿ, ಜುಲೈ 4ರಂದು, ಒಕ್ಲಹೋಮ ಸಿಟಿಯ ಕೆವಿನ್ ಡ್ಯುರಾಂಟ್ ಆ ತಂಡ ಸೇರುವುದಾಗಿ ಹೇಳಿದರು. ಬಾರ್ನ್ಸ್ ಡಲ್ಲಾಸ್‌ಗೆ ಹೋದರು. 2017ರಲ್ಲಿ ಅದೇ ಎರಡು ತಂಡ ಮತ್ತೆ ಫೈನಲ್ಸ್‌ನಲ್ಲಿ ಎದುರಾದವು. ಸ್ಕ್ರೀನ್ ಹಾಕಿ ಕರ್ರಿಯನ್ನು ದಣಿಸಿದರೂ ಈಗ ಇನ್ನೊಂದು ತುದಿಯಲ್ಲಿ ಡ್ಯುರಾಂಟ್ ಇದ್ದರು. ಖಾಲಿ ಬಿಡಲು ಯಾರೂ ಉಳಿದಿರಲಿಲ್ಲ. ಆ ಪ್ಲೇಆಫ್‌ನಲ್ಲಿ ವಾರಿಯರ್ಸ್ 16 ಗೆದ್ದು ಒಂದೇ ಒಂದು ಸೋತಿತು. ಆ ಒಂದು ಸೋಲು ಕ್ಲೀವ್‌ಲ್ಯಾಂಡ್‌ನಲ್ಲಿ, 137-116. ಆ ರಾತ್ರಿ ಕ್ಯಾವಲಿಯರ್ಸ್ ಹಾಕಿದ್ದು 24 ತ್ರೀ.