ಯಾವುದಕ್ಕಿಂತ ಒಳ್ಳೆಯದು? ಸುಟ್ಟ ಗಾಯದ ಮುಲಾಮುಗಳ ಬಗ್ಗೆ ಒಂದು ತಕರಾರು

ಎಲ್ಲರಿಗೂ ನಮಸ್ಕಾರ. 'ಸುಟ್ಟ ಗಾಯಕ್ಕೆ ಯಾವ ಮುಲಾಮು ಒಳ್ಳೆಯದು' ಅಂತ ವಿಷಯ ಕೊಟ್ಟಿದ್ದಾರೆ. ನೀವೆಲ್ಲ ದಿನಾ ಡ್ರೆಸಿಂಗ್ ಮಾಡುವವರು, ಮೊದಲ ಪಾಠ ಬೇಡ. ನನ್ನ ತಕರಾರು ಒಂದೇ. ಯಾರಾದರೂ 'ಇದು ಒಳ್ಳೆಯದು' ಅಂದರೆ ನಾವು ತಲೆಯಾಡಿಸುತ್ತೇವೆ, ಯಾವುದಕ್ಕಿಂತ ಅಂತ ಕೇಳುವುದೇ ಇಲ್ಲ.

ನಮ್ಮ ಬಿಳಿ ಕ್ರೀಮನ್ನೇ ನೋಡಿ, ಸಿಲ್ವರ್ ಸಲ್ಫಾಡಯಾಜಿನ್. 1968ರಲ್ಲಿ ಚಾರ್ಲ್ಸ್ ಫಾಕ್ಸ್ ಇದನ್ನು ತಂದಾಗ ಮುಂದಿದ್ದ ಶತ್ರು ಸೋಂಕು. ಆಗ ಬಳಕೆಯಲ್ಲಿದ್ದ ಸಿಲ್ವರ್ ನೈಟ್ರೇಟ್ ಎಂಬ ಬೆಳ್ಳಿಯ ದ್ರಾವಣ ಹಾಸಿಗೆ, ಬಟ್ಟೆ, ಕೈ ಎಲ್ಲವನ್ನೂ ಕಪ್ಪು ಮಾಡುತ್ತಿತ್ತು. ಸೋಂಕು ತಡೆಯುವ ಇನ್ನೊಂದು ಕ್ರೀಮ್ ಮ್ಯಾಫೆನೈಡ್ ಹಚ್ಚಿದರೆ ವಿಪರೀತ ಉರಿ. ಇವುಗಳ ಎದುರು ಈ ಕ್ರೀಮ್ ಗೆದ್ದಿತು, ಸರಿ. ಆದರೆ ಸೋಂಕು ತಡೆಯುವುದು ಬೇರೆ, ಚರ್ಮ ಬೇಗ ಬೆಳೆಸುವುದು ಬೇರೆ, ಅಲ್ವಾ? 2013ರ ಕಾಕ್ರೇನ್ ವಿಮರ್ಶೆಯಲ್ಲಿ, ಅಂದರೆ ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡುವ ವರದಿಯಲ್ಲಿ, ಸಿಲಿಕೋನ್ ಡ್ರೆಸಿಂಗ್, ಬೆಳ್ಳಿ ಡ್ರೆಸಿಂಗ್‌ಗಳ ಎದುರು ಇದೇ ಹಿಂದೆ ಬಿತ್ತು. ಮೇಲೆ ಒಂದು ಹುಸಿ ಪದರ ಕಟ್ಟುತ್ತದೆ, ಗಾಯ ಎಷ್ಟು ಆಳ ಅಂತಲೂ ಗೊತ್ತಾಗುವುದಿಲ್ಲ. ದಿನಾ ಉಜ್ಜಿ ತೆಗೆಯುವಾಗ ರೋಗಿ ಪಡುವ ಪಾಡು ನಿಮಗೆ ಗೊತ್ತು.

ಇಲ್ಲಿ ಒಂದು ಕಥೆ ಹೇಳಲೇಬೇಕು, ನನ್ನ ಜೊತೆ ಕೆಲಸ ಮಾಡುವವರು ಈಗಲೇ ನಗುತ್ತಿದ್ದಾರೆ. 1925ರಲ್ಲಿ ಡೇವಿಡ್ಸನ್ ಎಂಬ ವೈದ್ಯ ಸುಟ್ಟ ಗಾಯಕ್ಕೆ ಟ್ಯಾನಿಕ್ ಆಸಿಡ್ ಹಾಕಿದ, ಚರ್ಮ ಹದ ಮಾಡಲು ಬಳಸುವ ಒಗರು ವಸ್ತು ಅದು. ಗಾಯದ ಮೇಲೆ ಚರ್ಮದ ಚೀಲದಂಥ ಗಟ್ಟಿ ಹೊದಿಕೆ ಬಂತು, ನೀರು ಸೋರುವುದು ನಿಂತಿತು, ನೋವು ಇಳಿಯಿತು. ಎಲ್ಲರೂ ಕುಣಿದರು. ಆಮೇಲೆ ಎರಡನೇ ಮಹಾಯುದ್ಧ ಬಂತು, ಸುಟ್ಟ ಮುಖ, ಸುಟ್ಟ ಕೈಗಳ ಪೈಲಟ್‌ಗಳು ಸಾಲಾಗಿ ಬಂದರು. ಇಂಗ್ಲೆಂಡಿನ ಈಸ್ಟ್ ಗ್ರಿನ್‌ಸ್ಟೆಡ್‌ನಲ್ಲಿ ಆರ್ಚಿಬಾಲ್ಡ್ ಮ್ಯಾಕಿಂಡೋ ಎಂಬ ಪ್ಲಾಸ್ಟಿಕ್ ಸರ್ಜನ್ ನೋಡುತ್ತಾನೆ, ಆ ಹೊದಿಕೆಯಡಿ ಬೆರಳುಗಳು ಸೆಟೆದಿವೆ, ರೆಪ್ಪೆ ಮುಚ್ಚುತ್ತಿಲ್ಲ, ಒಳಗೆ ಕೀವು. ಆದರೆ ವಿಮಾನ ಸಮುದ್ರಕ್ಕೆ ಬಿದ್ದು ಉಪ್ಪುನೀರಲ್ಲಿ ನೆನೆದವರ ಗಾಯ ಚೆನ್ನಾಗಿದೆ! ಅವನು ಟ್ಯಾನಿಕ್ ಆಸಿಡ್ ಬಿಟ್ಟು ಉಪ್ಪುನೀರಿನ ಸ್ನಾನ ಹಿಡಿದ, ಮೇಲಿನವರ ಜೊತೆ ಜಗಳವಾಡಿ ಆ ಆಸಿಡ್ ಬಳಕೆಯನ್ನು ನಿಲ್ಲಿಸಿಯೂ ಬಿಟ್ಟ. ಆಸಿಡ್‌ನಿಂದ ಯಕೃತ್ತಿಗೂ ಪೆಟ್ಟು ಅಂತ ಆ ವರ್ಷಗಳಲ್ಲೇ ಗೊತ್ತಾಯಿತು. ಹಳೆಯ ಜಿಡ್ಡು ಮುಲಾಮುಗಳಿಗಿಂತ ಟ್ಯಾನಿಕ್ ಆಸಿಡ್ ಒಳ್ಳೆಯದೇ ಇತ್ತು, ಉಪ್ಪುನೀರಿನ ಪಕ್ಕ ಯಾರೂ ಇಟ್ಟು ನೋಡಿರಲಿಲ್ಲ, ಅಷ್ಟೇ.

ಈಗ ಜೇನುತುಪ್ಪ. 2015ರ ಕಾಕ್ರೇನ್ ವಿಮರ್ಶೆ ಪ್ರಕಾರ ಭಾಗಶಃ ಆಳದ ಗಾಯ, ಅಂದರೆ ಚರ್ಮದ ಪೂರ್ತಿ ದಪ್ಪ ಸುಡದ ಗಾಯ, ಜೇನು ಹಚ್ಚಿದರೆ ಸುಮಾರು 4-5 ದಿನ ಬೇಗ ವಾಸಿಯಾಗುತ್ತದೆ. ಯಾವುದಕ್ಕಿಂತ? ಎದುರಾಳಿಗಳ ಪಟ್ಟಿಯಲ್ಲಿ ಪ್ಯಾರಾಫಿನ್ ಗಾಜ್ (ಮೇಣದಂಥ ಜಿಡ್ಡು ಸವರಿದ ತೆಳು ಬಟ್ಟೆ) ಇತ್ತು, ಗಾಯವನ್ನು ಸುಮ್ನೆ ತೆರೆದು ಬಿಡುವುದೂ ಇತ್ತು. ಒಣಗಲು ಬಿಟ್ಟ ಗಾಯ ನಿಧಾನ ಅಂತ 1962ರಲ್ಲೇ ಜಾರ್ಜ್ ವಿಂಟರ್ ಹಂದಿಗಳ ಮೇಲೆ ತೋರಿಸಿದ್ದರು. ಹಾಗಾದರೆ ಗೆದ್ದದ್ದು ಜೇನೋ, ತೇವವೋ? ಜೇನಿಗೆ ತನ್ನದೇ ಬಲವಿದೆ, ಹುಳಿ ಗುಣ, ನೀರು ಎಳೆಯುವ ಶಕ್ತಿ, ಅದರಲ್ಲೇ ಹುಟ್ಟುವ ಹೈಡ್ರೋಜನ್ ಪೆರಾಕ್ಸೈಡ್. ಇದನ್ನೆಲ್ಲ ಒಪ್ಪುತ್ತೇನೆ. ಆದರೆ ಅಡುಗೆಮನೆ ಬಾಟಲಿ ಬೇಡ, ಅದರಲ್ಲಿ ರೋಗಾಣುಗಳ ಬೀಜ ಇರಬಹುದು. ಗಾಮಾ ಕಿರಣದಿಂದ ಶುದ್ಧ ಮಾಡಿದ್ದೇ ಆಗಬೇಕು.

ಐದೇ ನಿಮಿಷ ಅಂತ ಚೀಟಿ ಬಂತು. ಲೋಳೆಸರದ ಎಂಟು ಸ್ಲೈಡ್ ಹಾರಿಸುತ್ತೇನೆ. ಅದರ ಪ್ರಯೋಗಗಳು ಚಿಕ್ಕವು, ಒಂದರಂತೆ ಇನ್ನೊಂದಿಲ್ಲ. ಬೆಳ್ಳಿ ಡ್ರೆಸಿಂಗ್‌ನ ದೊಡ್ಡ ಲಾಭ ಅದನ್ನು ಹಲವು ದಿನ ಮುಟ್ಟದೆ ಬಿಡಬಹುದು ಅನ್ನುವುದು. ಪೂರ್ತಿ ಆಳ ಸುಟ್ಟಿದ್ದರೆ ಯಾವ ಮುಲಾಮೂ ಸಾಲದು, ಚರ್ಮದ ಕಸಿಯೇ ಬೇಕು. ಎಳೆ ಮಗುವಿಗೆ, ಹೆರಿಗೆ ಹತ್ತಿರವಿರುವವರಿಗೆ ಬಿಳಿ ಕ್ರೀಮ್ ಬೇಡ, ಅದರಲ್ಲಿ ಸಲ್ಫಾ ಎಂಬ ಔಷಧಿ ಇದೆ, ಎಳೆ ಮಗುವಿಗೆ ಅದು ಅಪಾಯ.

ಮುಲಾಮಿಗೂ ಮೊದಲು 20 ನಿಮಿಷ ಹರಿಯುವ ತಣ್ಣೀರು. ಮಂಜುಗಡ್ಡೆ ಅಲ್ಲ, ಟೂತ್‌ಪೇಸ್ಟ್ ಅಂತೂ ಅಲ್ಲವೇ ಅಲ್ಲ. ಒಂದೇ ಹೆಸರು ಹೇಳಿ ಅಂತ ಹಿಂದಿನ ಸಾಲಿನವರು ಆಗಿನಿಂದ ಕೈ ಎತ್ತಿದ್ದಾರೆ. ಚಿಕ್ಕದು, ಮೇಲ್ಮೈಯದು, ಸೋಂಕಿಲ್ಲದ್ದು ಅಂತಾದರೆ ಅಂಟಿಕೊಳ್ಳದ ಸಿಲಿಕೋನ್ ಡ್ರೆಸಿಂಗ್ ಅನ್ನುತ್ತೇನೆ. ಯಾವುದಕ್ಕಿಂತ ಅಂತ ಈಗ ನೀವು ಕೇಳಬೇಕು, ಕೇಳಿ.