ಡಿನೈ ಮತ್ತು ರೆಫ್ಯೂಟ್: ಎರಡೂ ಒಂದೇ ಅಲ್ಲ

[ಪರದೆಯ ಮೇಲೆ: ಡಿನೈ, ರೆಫ್ಯೂಟ್, ರಿಬಟ್, ಕಾಂಟ್ರಡಿಕ್ಟ್]

ನಮಸ್ಕಾರ. ಆರೋಪಕ್ಕೆ ಗುರಿಯಾದವರು ಅದನ್ನು ‘ರೆಫ್ಯೂಟ್’ ಮಾಡಿದರೆಂದು ಇಂಗ್ಲಿಷ್ ಪತ್ರಿಕೆಗಳು ಬರೆಯುವುದುಂಟು. ಸುದ್ದಿಯನ್ನು ಪೂರ್ತಿ ಓದಿದರೆ, ಅವರು ‘ನಾನು ಹಾಗೆ ಮಾಡಿಲ್ಲ’ ಎಂದಷ್ಟೇ ಹೇಳಿರುತ್ತಾರೆ. ಅದಕ್ಕೆ ಸಲ್ಲುವ ಪದ ಡಿನೈ. ರೆಫ್ಯೂಟ್ ಎನ್ನಬೇಕಾದರೆ ದಾಖಲೆಯನ್ನೋ ತರ್ಕವನ್ನೋ ಮುಂದಿಟ್ಟು ಆ ಮಾತು ಸುಳ್ಳೆಂದು ತೋರಿಸಿರಬೇಕು. ಬರೀ ನಿರಾಕರಣೆಯ ಅರ್ಥವನ್ನೂ ಈಗಿನ ನಿಘಂಟುಗಳು ದಾಖಲಿಸುತ್ತವೆ, ನಿಜ. ಆದರೂ ಎಚ್ಚರದಿಂದ ಬರೆಯುವವರು ಈ ಸಡಿಲಿಕೆಯನ್ನು ಒಪ್ಪುವುದಿಲ್ಲ, ನಾನೂ ಒಪ್ಪುವುದಿಲ್ಲ.

[ದೃಶ್ಯ: ತಾಳಮದ್ದಲೆ]

ಮೂರನೆಯ ಪದ ರಿಬಟ್. ವೇಷವಿಲ್ಲದೆ ಕುಳಿತು ಪುರಾಣಪಾತ್ರಗಳಾಗಿ ವಾದಿಸುವ ತಾಳಮದ್ದಲೆಯನ್ನು ನೋಡುವ ನಮ್ಮ ಶಿರಸಿ, ಸಿದ್ದಾಪುರದ ಕಡೆಯ ಪ್ರೇಕ್ಷಕರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಮರೆಯಲ್ಲಿ ನಿಂತು ಬಾಣ ಬಿಟ್ಟೆಯೆಂದು ವಾಲಿ ಆಕ್ಷೇಪಿಸಿದಾಗ, ರಾಮನು ಬಿಟ್ಟಿಲ್ಲ ಎನ್ನುವುದಿಲ್ಲ. ತಮ್ಮನ ಹೆಂಡತಿಯನ್ನು ಅಪಹರಿಸಿದವನು ದಂಡನೆಗೆ ಅರ್ಹನೆಂದೂ, ಅರಸರು ಮೃಗಗಳನ್ನು ಅಡಗಿ ನಿಂತು ಬೇಟೆಯಾಡುವುದುಂಟೆಂದೂ ಪ್ರತಿವಾದ ಹೂಡುತ್ತಾನೆ. ಇಲ್ಲಿ ಡಿನೈ ಎಂದು ಬರೆದರೆ ತಪ್ಪಾಗುತ್ತದೆ, ಸಲ್ಲುವುದು ರಿಬಟ್. ಆ ಪ್ರತಿವಾದ ಗೆದ್ದಿತೇ ಎಂಬುದು ಬೇರೆಯೇ ಪ್ರಶ್ನೆ, ಅದರ ಬಗ್ಗೆ ಆ ಪಾತ್ರಗಳಾಗಿ ಮಾತಾಡುವ ಅರ್ಥಧಾರಿಗಳಲ್ಲಿ ಇಂದಿಗೂ ಒಮ್ಮತವಿಲ್ಲ.

[ದೃಶ್ಯ: ಅಡಿಕೆ ವಖಾರಿ]

ನ್ಯಾಯಾಲಯದಲ್ಲಿ ಡಿನೈ ಮಾಡುವುದೂ ಅಷ್ಟು ಸುಲಭವಲ್ಲ. ಶಿರಸಿಯ ವ್ಯಾಪಾರಿಯೊಬ್ಬರು, ಅಡಿಕೆಯ ಮುಂಗಡವೆಂದು ನೀವು 2 ಲಕ್ಷ ರೂಪಾಯಿ ಪಡೆದಿದ್ದೀರಿ ಎಂದು ದಾವೆ ಹೂಡಿದರೆನ್ನಿ. ‘ನಾನು 2 ಲಕ್ಷ ಪಡೆದಿಲ್ಲ’ ಎಂದು ಲಿಖಿತ ಹೇಳಿಕೆ ಕೊಟ್ಟರೆ ಸಾಲದು, ಏಕೆಂದರೆ 1 ಲಕ್ಷದ 90 ಸಾವಿರ ಪಡೆದವರೂ ಅದೇ ಮಾತನ್ನು ಆಡಬಹುದು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 8ನೆಯ ಆದೇಶದ 4ನೆಯ ನಿಯಮವು ಇಂಥ ನುಣುಚಿಕೆಯನ್ನು ಗುರುತಿಸಿ, ಆ ಮೊತ್ತವನ್ನಾಗಲಿ ಅದರ ಯಾವುದೇ ಭಾಗವನ್ನಾಗಲಿ ಪಡೆದಿಲ್ಲವೆಂದು ಹೇಳಬೇಕು, ಇಲ್ಲವೇ ಎಷ್ಟು ಪಡೆದದ್ದೆಂದು ತಿಳಿಸಬೇಕು ಎನ್ನುತ್ತದೆ. ಸ್ಪಷ್ಟವಾಗಿ ಅಲ್ಲಗಳೆಯದ ಸಂಗತಿಯನ್ನು ಒಪ್ಪಿಕೊಂಡಂತೆಯೇ ಭಾವಿಸಲಾಗುತ್ತದೆ ಎಂಬುದು 5ನೆಯ ನಿಯಮದ ಮುಖ್ಯಾಂಶ. ಹಾಗೆ ಒಪ್ಪಿದಂತಿದ್ದರೂ ಬೇರೆ ಪುರಾವೆ ಕೇಳುವ ಅಧಿಕಾರ ನ್ಯಾಯಾಲಯಕ್ಕೆ ಉಂಟು.

[ದೃಶ್ಯ: ಕಾರವಾರ, ಬೈತಖೋಲ್ ಬಂದರು]

ಕಾಂಟ್ರಡಿಕ್ಟ್ ಎಂಬುದಕ್ಕೆ ಆರೋಪವೇ ಬೇಕಾಗಿಲ್ಲ. ಒಂದಕ್ಕೊಂದು ಹೊಂದದ ಎರಡು ಹೇಳಿಕೆಗಳಿದ್ದರೆ ಆಯಿತು, ಅವೆರಡೂ ಒಬ್ಬರ ಬಾಯಿಂದಲೇ ಬಂದಿರಬಹುದು. ದೋಣಿ ಆ ರಾತ್ರಿ ಬೈತಖೋಲಿನಲ್ಲೇ ಇತ್ತೆಂದು ಹಿಂದೆ ಬರೆದುಕೊಟ್ಟ ಸಾಕ್ಷಿ, ಈಗ ಅದು ಸಮುದ್ರದಲ್ಲಿತ್ತು ಎಂದರೆ, ವಕೀಲರು ಪಾಟೀ ಸವಾಲಿನಲ್ಲಿ ಆ ಹಳೆಯ ಬರಹವನ್ನು ಎದುರಿಗಿಡುತ್ತಾರೆ. ಅದಕ್ಕೆ 1872ರ ಸಾಕ್ಷ್ಯ ಅಧಿನಿಯಮದ 145ನೆಯ ಕಲಮು ದಾರಿ ಮಾಡಿಕೊಟ್ಟಿತ್ತು. 2024ರ ಜುಲೈ 1ರಿಂದ ಆ ಕಾಯಿದೆಯ ಸ್ಥಾನದಲ್ಲಿ ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಯಲ್ಲಿದೆ. ಎರಡು ಮಾತುಗಳು ಕಾಂಟ್ರಡಿಕ್ಟ್ ಆಗುತ್ತವೆ ಎಂದ ಮಾತ್ರಕ್ಕೆ ಎರಡರಲ್ಲಿ ಯಾವುದು ಸುಳ್ಳೆಂದು ತೀರ್ಮಾನವಾಗುವುದಿಲ್ಲ, ಇದನ್ನು ಅನೇಕರು ಮರೆಯುತ್ತಾರೆ.

ಇನ್ನು ಗೇನ್‌ಸೇ. ಎದುರು ಹೇಳು ಎಂಬರ್ಥದ ಈ ಹಳೆಯ ಪದ ಈಗ ಬಹುಮಟ್ಟಿಗೆ ‘ಕೆನಾಟ್ ಬಿ ಗೇನ್‌ಸೆಡ್’ ಎಂಬ ಸಿದ್ಧವಾಕ್ಯದಲ್ಲಿ ಉಳಿದಿದೆ. ಓದುವಾಗ ಗುರುತಾದರೆ ಸಾಕು. ಅರ್ಜಿಯಲ್ಲಿ ಅದನ್ನು ಬರೆಯದಿದ್ದರೆ ಯಾರಿಗೂ ನಷ್ಟವಿಲ್ಲ.